ಕಲ್ಲಿಗೊಂದು ಸಂಖ್ಯೆ, ಗುಂಪಿಗೊಂದು ಷರತ್ತು

ಬೆಂಜಮಿನ್ ಲೂಯಿಸ್ ರೈಸ್ ಅವರ ಹೆಸರನ್ನು ನೀವು ಇತಿಹಾಸದ ಪಾಠದಲ್ಲಿ ಕೇಳಿರಬಹುದು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಈ ಇಂಗ್ಲಿಷ್ ವಿದ್ವಾಂಸರು ಮೊದಲು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು, ಆಮೇಲೆ ವಿದ್ಯಾ ಇಲಾಖೆಯ ಅಧಿಕಾರಿಯಾದರು. ಶಾಲೆಗಳ ತಪಾಸಣೆಗೆಂದು ಮೈಸೂರು ಸೀಮೆಯ ಊರೂರು ಸುತ್ತುವಾಗ ದೇವಾಲಯದ ಗೋಡೆ, ಕೆರೆಯ ಏರಿ, ಹೊಲದ ಬದುಗಳಲ್ಲಿ ನಿಂತಿದ್ದ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಆ ಕಲ್ಲುಗಳ ನಕಲು ತೆಗೆಸಿ, ಓದಿಸಿ, 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಹೆಸರಿನಲ್ಲಿ 12 ಸಂಪುಟಗಳನ್ನು ಹೊರತಂದರು. 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭವಾದ ಈ ಕೆಲಸದಲ್ಲಿ ನಮ್ಮ ಕೋಲಾರ ಜಿಲ್ಲೆಯದು ಹತ್ತನೆಯ ಸಂಪುಟ. ಅದು ಪ್ರಕಟವಾದದ್ದು 1905ರಲ್ಲಿ.

ಈ ಲೇಖನದ ವಿಷಯ ಶಾಸನಗಳಲ್ಲ. ಕಂಪ್ಯೂಟರ್ ಭಾಷೆಗಳಲ್ಲಿ ದಿನನಿತ್ಯ ನಡೆಯುವ ಒಂದು ಕೆಲಸ, ಅಂದರೆ ಹೆಸರು ಹಚ್ಚಿಟ್ಟ ಮಾಹಿತಿಯನ್ನು ಯಾವುದಾದರೊಂದು ಷರತ್ತಿನ ಪ್ರಕಾರ ಗುಂಪು ಮಾಡುವುದು, ಇದು ಎಲ್ಲಿಂದ ಬಂತು ಎಂಬುದು ಇಲ್ಲಿಯ ವಿಷಯ. ಆದರೂ ರೈಸ್ ಅವರಿಂದಲೇ ಆರಂಭಿಸಿದ್ದಕ್ಕೆ ಕಾರಣವಿದೆ. ದೇವರಾಯಸಮುದ್ರದ ಸುತ್ತಮುತ್ತಲಿನ ನಮಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಬೇರೊಂದು ಸಿಗಲಾರದು.

ರೈಸ್ ಅವರ ಮುಂದೆ ಇದ್ದದ್ದು ಸಾವಿರಾರು ಕಲ್ಲುಗಳ ರಾಶಿ. ಹನ್ನೆರಡೂ ಸಂಪುಟ ಸೇರಿದರೆ ಸುಮಾರು 9 ಸಾವಿರ ಶಾಸನಗಳು. ಭಾಷೆ ಬೇರೆ, ಕಾಲ ಬೇರೆ, ಅರಸರು ಬೇರೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ, ಆವನಿಯಲ್ಲಿ ನೊಳಂಬರ ಕಾಲದ ಬರಹವಿದೆ, ಮುಳಬಾಗಿಲಿನ ಕಡೆ ವಿಜಯನಗರದ ದಾನಪತ್ರಗಳಿವೆ. ಇವುಗಳಿಗೆಲ್ಲ ಅವರು ಕೊಟ್ಟ ಗುರುತು ತೀರ ಸರಳ: ತಾಲ್ಲೂಕಿನ ಹೆಸರಿನ ಎರಡಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ. ಮುಳಬಾಗಿಲಿಗೆ 'ಎಂಬಿ', ಶ್ರೀನಿವಾಸಪುರಕ್ಕೆ 'ಎಸ್‌ಪಿ', ಅಂದಿನ ಬೌರಿಂಗ್‌ಪೇಟೆಗೆ 'ಬಿಪಿ'. ಇಂದಿಗೂ ಇತಿಹಾಸದ ಪುಸ್ತಕದ ಅಡಿಯಲ್ಲಿ 'ಇ.ಸಿ. ಹತ್ತು, ಮುಳಬಾಗಿಲು ಇಷ್ಟು' ಎಂದು ಕಂಡರೆ, ಅದು ಯಾವ ಕಲ್ಲು ಎಂದು ಲೋಕದ ಯಾವ ಮೂಲೆಯಲ್ಲಿ ಕೂತವರಿಗೂ ತಿಳಿಯುತ್ತದೆ.

ಕಂಪ್ಯೂಟರ್ ಓದುವ ವಿದ್ಯಾರ್ಥಿಗಳು ಇದನ್ನು 'ಕೀ' ಮತ್ತು 'ವ್ಯಾಲ್ಯೂ' ಎನ್ನುತ್ತಾರೆ. ಕೀ ಎಂದರೆ ಗುರುತು. ವ್ಯಾಲ್ಯೂ ಎಂದರೆ ಆ ಗುರುತಿನ ಹಿಂದೆ ಇರುವ ವಿಷಯ. ನಮ್ಮ ಹಾಜರಿ ಪುಸ್ತಕವೂ ಇದೇ ಜಾತಿಯದು: ರೋಲ್ ನಂಬರು ಕೀ, ಹುಡುಗ ವ್ಯಾಲ್ಯೂ.

ಈಗ ಗುಂಪು ಮಾಡುವ ವಿಷಯಕ್ಕೆ ಬರೋಣ. ರೈಸ್ ಅವರು ಶಾಸನಗಳ ಪಾಠವನ್ನು ತಾಲ್ಲೂಕಿನ ಪ್ರಕಾರ ಜೋಡಿಸಿದರು. ಆದರೆ ಅದೇ ಸಂಪುಟದ ಪೀಠಿಕೆಯಲ್ಲಿ ಅದೇ ಕಲ್ಲುಗಳನ್ನು ರಾಜವಂಶದ ಪ್ರಕಾರ, ಅಂದರೆ ಬಾಣರು, ಗಂಗರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಎಂದು, ಮತ್ತೆ ಗುಂಪು ಮಾಡಿ ಚರಿತ್ರೆ ಹೇಳಿದರು. ಪಾಠದ ಭಾಗದಲ್ಲಿ ನೆರೆಹೊರೆಯವರಾಗಿದ್ದ ಎರಡು ಕಲ್ಲುಗಳು ಪೀಠಿಕೆಯಲ್ಲಿ ದೂರವಾದವು. ಎರಡು ತಾಲ್ಲೂಕಿನ ಕಲ್ಲುಗಳು ಒಂದೇ ವಂಶದಡಿ ಬಂದು ಕೂತವು. ಆದರೆ ಯಾವ ಕಲ್ಲಿನ ಸಂಖ್ಯೆಯೂ ಬದಲಾಗಲಿಲ್ಲ. ಗುಂಪು ಎಷ್ಟು ಸಲ ಬದಲಾದರೂ ಕೀ ಬದಲಾಗಬಾರದು ಎಂಬ ನಿಯಮವನ್ನು ಈಗ ಕಂಪ್ಯೂಟರ್ ತರಗತಿಯಲ್ಲಿ ಹೇಳಿಕೊಡುತ್ತಾರೆ. ಆ ಸಂಪುಟದಲ್ಲಿ ಅದು ನೂರು ವರ್ಷಕ್ಕೂ ಹಿಂದೆಯೇ ಪಾಲನೆಯಾಗಿದೆ.

ಒಂದು ಮಾತನ್ನು ಇಲ್ಲಿ ಸೇರಿಸುತ್ತೇನೆ. 'ತಾಲ್ಲೂಕು' ಎಂಬ ಪದ ಅರಬ್ಬಿಯ 'ತಅಲ್ಲುಖ್' ಎಂಬುದರಿಂದ ಬಂದದ್ದು, ಅದರ ಅರ್ಥ ಸಂಬಂಧ. ಯಾವ ಊರು ಯಾವ ಕಚೇರಿಗೆ ಸಂಬಂಧಪಟ್ಟದ್ದು ಎಂಬುದೇ ತಾಲ್ಲೂಕು. ಷರತ್ತು, ಜಿಲ್ಲೆ ಇವೂ ಅದೇ ದಾರಿಯಲ್ಲಿ ಕನ್ನಡಕ್ಕೆ ಬಂದವು. ಗುಂಪು ಮಾಡುವವರ ಮಾತುಗಳಲ್ಲಿ ನಮ್ಮ ಉರ್ದು ತರಗತಿಯ ಪಾಲೂ ಇದೆ.

ಯಂತ್ರ ಈ ಕೆಲಸವನ್ನು ಹೇಗೆ ಮಾಡುತ್ತದೆ? ಪಾಠಕ್ಕೆಂದು ಐದು ಕಲ್ಲುಗಳನ್ನು ಕಲ್ಪಿಸಿಕೊಳ್ಳಿ (ಇವು ನಿಜವಾದ ಶಾಸನಗಳಲ್ಲ). ಒಂದನೆಯದು ತಮಿಳು, ಎರಡು ಮತ್ತು ಮೂರನೆಯದು ಕನ್ನಡ, ನಾಲ್ಕನೆಯದು ತೆಲುಗು, ಐದನೆಯದು ತಮಿಳು. ಯಂತ್ರ ಮೊದಲು ಒಂದು ಖಾಲಿ ಕಪಾಟು ಇಟ್ಟುಕೊಳ್ಳುತ್ತದೆ. ಒಂದೊಂದೇ ಕಲ್ಲನ್ನು ಎತ್ತಿ, 'ನಿನ್ನ ಭಾಷೆ ಯಾವುದು?' ಎಂದು ಕೇಳುತ್ತದೆ. ಉತ್ತರ 'ತಮಿಳು' ಎಂದು ಬಂದರೆ, ಆ ಹೆಸರಿನ ಖಾನೆ ಇದೆಯೇ ನೋಡುತ್ತದೆ. ಇಲ್ಲದಿದ್ದರೆ ಹೊಸ ಖಾನೆ ಮಾಡಿ ಚೀಟಿ ಹಚ್ಚುತ್ತದೆ, ಇದ್ದರೆ ಅದರೊಳಗೇ ಕಲ್ಲಿನ ಸಂಖ್ಯೆ ಹಾಕುತ್ತದೆ. ಐದು ಕಲ್ಲು ಮುಗಿಯುವ ಹೊತ್ತಿಗೆ ಮೂರು ಖಾನೆ. ತಮಿಳಿನಲ್ಲಿ ಒಂದು ಮತ್ತು ಐದು, ಕನ್ನಡದಲ್ಲಿ ಎರಡು ಮತ್ತು ಮೂರು, ತೆಲುಗಿನಲ್ಲಿ ನಾಲ್ಕು. ರಾಶಿಯನ್ನು ಒಂದೇ ಸಲ ದಾಟಿದರೆ ಸಾಕು. ಕಲ್ಲು ಐದಿರಲಿ, ಐದು ಲಕ್ಷವಿರಲಿ, ಕ್ರಮ ಒಂದೇ.

ಷರತ್ತು ಹೌದು–ಅಲ್ಲ ಎಂಬ ರೀತಿಯದಾದರೆ ಖಾನೆ ಎರಡೇ. 'ಈ ಕಲ್ಲು 1336ಕ್ಕಿಂತ, ಅಂದರೆ ವಿಜಯನಗರ ಸ್ಥಾಪನೆಗಿಂತ, ಮುಂಚಿನದೇ?' ಎಂದು ಕೇಳಿ. ಹೌದೆಂದದ್ದು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಎಷ್ಟು ಸುಲಭ ಅನ್ನಿಸುತ್ತದೆ! ಆದರೆ ತೊಡಕು ಇರುವುದೇ ಇಲ್ಲಿ. ಎಷ್ಟೋ ಕಲ್ಲುಗಳಲ್ಲಿ ಕಾಲವೇ ಇಲ್ಲ, ಸವೆದಿದೆ ಅಥವಾ ಒಡೆದಿದೆ. ಅಂಥ ಕಲ್ಲು 'ಹೌದು' ಎನ್ನುವುದಿಲ್ಲ, ಆದ್ದರಿಂದ ಯಂತ್ರ ಅದನ್ನು 'ಅಲ್ಲ' ಎಂಬ ಖಾನೆಗೆ ತಳ್ಳುತ್ತದೆ. ಆಮೇಲೆ ಖಾನೆಯನ್ನು ಎಣಿಸಿದವರು 'ವಿಜಯನಗರದ ನಂತರದ ಕಲ್ಲುಗಳು ಇಷ್ಟು' ಎಂದು ಬರೆದುಬಿಡುತ್ತಾರೆ. ತಿಳಿಯದ್ದು ಎಂಬ ಮಾತು ಎಣಿಕೆಯಲ್ಲಿ ಮಾಯವಾಗಿ ಸುಳ್ಳೊಂದು ಹುಟ್ಟುತ್ತದೆ. ಇದರಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿಲ್ಲ ಎಂಬುದೇ ಆತಂಕದ ವಿಷಯ.

ಉತ್ತರವಿಲ್ಲದ ಮಾಹಿತಿಯನ್ನು ಒಂದೊಂದು ಕಂಪ್ಯೂಟರ್ ಭಾಷೆ ಒಂದೊಂದು ರೀತಿ ನಡೆಸಿಕೊಳ್ಳುತ್ತದೆ. ಎಸ್‌ಕ್ಯೂಎಲ್‌ನಲ್ಲಿ 'ಗ್ರೂಪ್ ಬೈ' ಎಂದರೆ ಉತ್ತರವಿಲ್ಲದವನ್ನೆಲ್ಲ ಸೇರಿಸಿ ಅವಕ್ಕೇ ಒಂದು ಪ್ರತ್ಯೇಕ ಗುಂಪು ಮಾಡುತ್ತದೆ. ಜಾವಾ ಭಾಷೆಯ 'ಗ್ರೂಪಿಂಗ್‌ಬೈ' ಅಂಥದ್ದೊಂದು ಸಿಕ್ಕಿದ ತಕ್ಷಣ ಕೆಲಸ ನಿಲ್ಲಿಸಿ ದೋಷ ತೋರಿಸುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಗದರುವ ಮೇಷ್ಟರಂಥ ಜಾವಾದ ರೀತಿಯೇ ವಿದ್ಯಾರ್ಥಿಗಳಿಗೆ ಹಿತ.

ಇನ್ನೊಂದು ತೊಡಕು: ಎಷ್ಟೋ ಶಾಸನಗಳ ಆರಂಭದಲ್ಲಿ ಸಂಸ್ಕೃತ ಶ್ಲೋಕ, ಮುಂದೆ ದಾನದ ವಿವರ ಕನ್ನಡದಲ್ಲೋ ತೆಲುಗಿನಲ್ಲೋ ಇರುತ್ತದೆ. ಭಾಷೆಯ ಪ್ರಕಾರ ಗುಂಪು ಮಾಡುವಾಗ ಇದು ಯಾವ ಖಾನೆಗೆ? ಒಂದು ವಸ್ತುವಿಗೆ ಒಂದೇ ಖಾನೆ ಎಂಬುದು ಈ ಕ್ರಮದ ಮೂಲ ನಿಯಮ. ಎರಡೂ ಕಡೆ ಹಾಕಿದರೆ ಒಟ್ಟು ಮೊತ್ತ ಹೆಚ್ಚಾಗುತ್ತದೆ. ಒಂದೇ ಕಡೆ ಹಾಕಿದರೆ ಒಂದು ಭಾಷೆಗೆ ಅನ್ಯಾಯ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕೋಲಾರದ ಮಕ್ಕಳಿಗೆ ಈ ಕಲ್ಲಿನ ಕಷ್ಟ ಬೇಗ ಅರ್ಥವಾದೀತು.

ಮಾಹಿತಿಯನ್ನು ಹೀಗೆ ಷರತ್ತಿನಿಂದ ಗುಂಪು ಮಾಡುವ ವಿದ್ಯೆ ರೈಸ್ ಅವರಿಂದ ಹುಟ್ಟಿದ್ದಲ್ಲ. ಅವರಿಗಿಂತ ಸಾವಿರದ ನೂರು ವರ್ಷ ಹಿಂದಕ್ಕೆ, 8ನೇ ಶತಮಾನದ ಬಸ್ರಾ ನಗರಕ್ಕೆ ಹೋಗೋಣ. ಅಲ್ಲಿ ಖಲೀಲ್ ಇಬ್ನ್ ಅಹ್ಮದ್ ಎಂಬ ವಿದ್ವಾಂಸರಿದ್ದರು. ಅರಬ್ಬಿ ಛಂದಸ್ಸನ್ನು, ನಮ್ಮ ಉರ್ದು ಗಜಲುಗಳು ಇಂದಿಗೂ ಅನುಸರಿಸುವ 'ಅರೂಜ್' ಶಾಸ್ತ್ರವನ್ನು, ರೂಪಿಸಿದವರು ಇವರೇ. ಅರಬ್ಬಿ ಭಾಷೆಯ ಮಾತುಗಳನ್ನೆಲ್ಲ ಒಂದು ನಿಘಂಟಿನಲ್ಲಿ ಹಿಡಿದಿಡಬೇಕೆಂದು ಹೊರಟಾಗ ಅವರು 'ಕಿತಾಬುಲ್ ಐನ್' ಎಂಬ ಕೃತಿಗೆ ಯೋಜನೆ ಹಾಕಿದರು. ಯಾವ ಮಾತೂ ತಪ್ಪಿಹೋಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಅವರ ಮುಂದಿದ್ದ ಪ್ರಶ್ನೆ.

ಅವರು ಕಂಡುಕೊಂಡ ಉಪಾಯ ಇದು. ಅರಬ್ಬಿಯ ಹೆಚ್ಚಿನ ಮಾತುಗಳಿಗೆ ಮೂರಕ್ಷರದ ಧಾತು. ಮೂರಕ್ಷರವನ್ನು ಹಿಂದುಮುಂದು ಮಾಡಿದರೆ 6 ಬಗೆ ಆಗುತ್ತದೆ, ನಾಲ್ಕಕ್ಷರವಾದರೆ 24, ಐದಾದರೆ 120. ಖಲೀಲರು ಒಂದೇ ಅಕ್ಷರಗಳಿಂದಾದ ಎಲ್ಲ ಬಗೆಗಳನ್ನೂ ಒಂದೇ ಕಡೆ ಗುಂಪು ಮಾಡಿದರು. ಕಾಫ್, ಲಾಮ್, ಮೀಮ್ ಎಂಬ ಮೂರಕ್ಷರ ತೆಗೆದುಕೊಳ್ಳಿ. 'ಕಲಾಮ್' (ಮಾತು), 'ಕಮಾಲ್' (ಪೂರ್ಣತೆ), 'ಮುಲ್ಕ್' (ನಾಡು), ನಾವು ಉರ್ದುವಿನಲ್ಲಿ ದಿನವೂ ಬಳಸುವ ಈ ಮಾತುಗಳು ಮೂರು ಬೇರೆ ಧಾತುಗಳಿಂದ ಬಂದವು, ಆದರೂ ಅವರ ಪುಸ್ತಕದಲ್ಲಿ ಮೂರು ಧಾತುಗಳೂ ಒಂದೇ ಗುಂಪಿನವು. ಅಷ್ಟಕ್ಕೇ ನಿಲ್ಲಲಿಲ್ಲ. ಆ ಆರು ಬಗೆಗಳಲ್ಲಿ ಯಾವುದು ಬಳಕೆಯಲ್ಲಿದೆ, ಯಾವುದು ಇಲ್ಲ ಎಂದು 'ಮುಸ್ತಅಮಲ್', 'ಮುಹ್‌ಮಲ್' ಎಂಬ ಎರಡು ಗುರುತು ಹಚ್ಚಿದರು. ಮೊದಲನೆಯದು ಗುಂಪು ಮಾಡುವುದು, ಎರಡನೆಯದು ಹೌದು–ಅಲ್ಲ ಎಂದು ಇಬ್ಭಾಗ ಮಾಡುವುದು. ಇಂದು ಪ್ರೋಗ್ರಾಮಿಂಗ್ ಕಲಿಯುವವರಿಗೆ 'ಒಂದೇ ಅಕ್ಷರಗಳಿಂದಾದ ಪದಗಳನ್ನು ಗುಂಪು ಮಾಡಿ' ಎಂಬ ಲೆಕ್ಕ ಕೊಡುವುದು ವಾಡಿಕೆ. ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮಕ್ಕೆ ತಂದು, ಹಾಗೆ ಬಂದದ್ದನ್ನೇ ಖಾನೆಯ ಹೆಸರಾಗಿಡುವುದು ಅದಕ್ಕೆ ಉತ್ತರ. ಖಲೀಲರ ಗುಂಪುಗಳಿಗೂ ಇದೇ ತರ್ಕ.

ಇಲ್ಲೊಂದು ಎಚ್ಚರಿಕೆ. ಬರೆಯುವ 'ಕಲಮ್' ಈ ಗುಂಪಿಗೆ ಸೇರುವುದಿಲ್ಲ. ಅದರ ಮೊದಲಕ್ಷರ ಕಾಫ್ ಅಲ್ಲ, ದೊಡ್ಡ ಖಾಫ್, ನಮ್ಮ ದಖ್ಖನಿ ಬಾಯಲ್ಲಿ ಅದು 'ಖಲಮ್'. ಕನ್ನಡ ಲಿಪಿಯಲ್ಲಿ ಎರಡನ್ನೂ 'ಕ' ಎಂದೇ ಬರೆದು ಯಂತ್ರಕ್ಕೆ ಕೊಟ್ಟರೆ ಅದು ಲೇಖನಿಯನ್ನು ತಂದು ಮಾತಿನ ಖಾನೆಗೆ ಹಾಕುತ್ತದೆ. ತಪ್ಪು ಯಂತ್ರದ್ದಲ್ಲ. ನಾವು ಬರೆಯುವಾಗಲೇ ವ್ಯತ್ಯಾಸವನ್ನು ಬಿಟ್ಟಿದ್ದೇವೆ.

ಮುಂದೆ 10ನೇ ಶತಮಾನದ ಕೊನೆಯ ಹೊತ್ತಿಗೆ ಜೌಹರಿ ಅವರ 'ಸಿಹಾಹ್' ನಿಘಂಟು ಅದೇ ಧಾತುಗಳನ್ನು ಕೊನೆಯ ಅಕ್ಷರದ ಪ್ರಕಾರ ಜೋಡಿಸಿತು, ಪ್ರಾಸ ಹುಡುಕುವ ಕವಿಗಳಿಗೆ ಅನುಕೂಲವಾಯಿತು. ನಮ್ಮ ಕಡೆಯ ಅಮರಕೋಶ ಸ್ವರ್ಗವರ್ಗ, ವನೌಷಧಿವರ್ಗ ಎಂದು ವಿಷಯದ ಪ್ರಕಾರ ಮಾತುಗಳನ್ನು ಗುಂಪು ಮಾಡಿದರೆ, 1894ರಲ್ಲಿ ಬಂದ ಕಿಟ್ಟೆಲ್ ಅವರ ಕನ್ನಡ ನಿಘಂಟು ಅಕಾರಾದಿಯಾಗಿ ಜೋಡಿಸಿತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕೀ–ವ್ಯಾಲ್ಯೂ ಸಂಗ್ರಹಕ್ಕೆ ಇಟ್ಟ ಹೆಸರೂ 'ಡಿಕ್ಷನರಿ' ಎಂದೇ.

ಮನುಷ್ಯರನ್ನೇ ಗುಂಪು ಮಾಡಬೇಕಾಗಿ ಬಂದಾಗ ಏನಾಯಿತು? ಅಮೆರಿಕದಲ್ಲಿ 1880ರ ಜನಗಣತಿಯ ಲೆಕ್ಕ ಮುಗಿಯಲು ಏಳೆಂಟು ವರ್ಷ ಹಿಡಿಯಿತು. ಹರ್ಮನ್ ಹಾಲರಿತ್ ಎಂಬ ಇಂಜಿನಿಯರ್ ಒಬ್ಬೊಬ್ಬರಿಗೆ ಒಂದೊಂದು ರಟ್ಟಿನ ಕಾರ್ಡು ಮಾಡಿ, ವಯಸ್ಸು, ಲಿಂಗ, ಹುಟ್ಟಿದ ಸ್ಥಳ ಇತ್ಯಾದಿಗಳನ್ನು ತೂತುಗಳಿಂದ ಗುರುತಿಸಿ, ವಿದ್ಯುತ್ತಿನಿಂದ ಎಣಿಸುವ ಯಂತ್ರ ತಯಾರಿಸಿದರು. 1890ರ ಗಣತಿಯಲ್ಲಿ ಅದು ಬಳಕೆಗೆ ಬಂತು. ಅವರ ಕಂಪನಿಯೇ ಮುಂದೆ ಬೇರೆ ಕಂಪನಿಗಳ ಜೊತೆ ಸೇರಿ, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು.

ಭಾರತದಲ್ಲಿ ಯಂತ್ರವಿರಲಿಲ್ಲ, ಗುಮಾಸ್ತರಿದ್ದರು. 1901ರ ಜನಗಣತಿಯಲ್ಲಿ, ಮೈಸೂರು ಸಂಸ್ಥಾನವೂ ಸೇರಿದಂತೆ ದೇಶವನ್ನೆಲ್ಲ ಎಣಿಸಿದಾಗ, ಚೀಟಿ ಪದ್ಧತಿ ಜಾರಿಗೆ ಬಂತು. ಒಬ್ಬ ಮನುಷ್ಯನಿಗೆ ಒಂದು ಚೀಟಿ. ಮನೆಮನೆಯ ಪಟ್ಟಿಯಿಂದ ವಿವರವನ್ನು ಚೀಟಿಗೆ ನಕಲು ಮಾಡಿ, ಗೂಡುಗೂಡಾದ ಕಪಾಟಿನಲ್ಲಿ ವಿಂಗಡಿಸುವುದು. ಮೇಲೆ ಹೇಳಿದ ಐದು ಕಲ್ಲಿನ ಕ್ರಮವೇ ಇದು, ಯಂತ್ರದ ಬದಲು ಕೈ. ಆದರೆ ಆ ಚೀಟಿಗಳ ಬಣ್ಣವನ್ನು ಗಮನಿಸಿ. ಬಣ್ಣ ಮತವನ್ನು ಸೂಚಿಸುತ್ತಿತ್ತು, ಒಂದೊಂದು ಧರ್ಮಕ್ಕೆ ಒಂದೊಂದು ಬಣ್ಣ. ಗಂಡೋ ಹೆಣ್ಣೋ, ಮದುವೆಯಾಗಿದೆಯೋ ಇಲ್ಲವೋ ಎಂಬುದಕ್ಕೆ ಚಿಹ್ನೆಗಳು. ಕಸುಬು, ಅಕ್ಷರಜ್ಞಾನ ಇವೆಲ್ಲ ಆಮೇಲಿನ ಬರಹ.

ಇದರ ಪರಿಣಾಮವನ್ನು ಯೋಚಿಸಿ ನೋಡಿ. ಗುಮಾಸ್ತ ಯಾವ ಪ್ರಶ್ನೆ ಕೇಳುವುದಕ್ಕೂ ಮುಂಚೆ ಮೊದಲ ಗುಂಪು ಆಗಿಹೋಗಿದೆ. ಕೋಲಾರದ ಒಬ್ಬ ನೇಕಾರ ಹಿಂದೂ, ಪಕ್ಕದ ಮನೆಯ ನೇಕಾರ ಮುಸಲ್ಮಾನ ಎಂದಿಟ್ಟುಕೊಳ್ಳಿ. ಅದೇ ಮಗ್ಗ, ಅದೇ ಸಾಲ, ಅದೇ ಬರಗಾಲ. ಮಗ್ಗದ ಪ್ರಕಾರ ಗುಂಪು ಮಾಡಿದ್ದರೆ ಇಬ್ಬರೂ ಒಂದೇ ಗೂಡಿನಲ್ಲಿರುತ್ತಿದ್ದರು. ಬಣ್ಣದ ಚೀಟಿ ಇಬ್ಬರನ್ನೂ ಮೊದಲೇ ಬೇರೆ ಮಾಡಿತು. ಕಸುಬಿನ ಲೆಕ್ಕವನ್ನೂ ಆ ಗಣತಿ ಕೊಟ್ಟಿತು, ನಿಜ. ಆದರೆ ಕಣ್ಣಿಗೆ ಮೊದಲು ಬೀಳುವುದು ಬಣ್ಣ. ಮಾಹಿತಿ ಸುಳ್ಳಲ್ಲ, ಎಣಿಕೆಯೂ ಸುಳ್ಳಲ್ಲ, ಆದರೆ ಯಾವುದು ಮೊದಲ ಷರತ್ತಾಗಬೇಕು ಎಂಬ ತೀರ್ಮಾನ ಯಾರೋ ಒಬ್ಬರ ಮೇಜಿನ ಮೇಲೆ ನಡೆದದ್ದು.

ಭಾಷೆಯ ಎಣಿಕೆಯಲ್ಲಿಯೂ ಹೀಗೆಯೇ. 2011ರ ಜನಗಣತಿಯಲ್ಲಿ ಜನ ಬರೆಸಿದ ಮಾತೃಭಾಷೆಯ ಹೆಸರುಗಳು 19,569. ಕಾಗುಣಿತದ ವ್ಯತ್ಯಾಸ ಇತ್ಯಾದಿಗಳನ್ನು ಸರಿಪಡಿಸಿದ ಮೇಲೆ 1,369 ಉಳಿದವು. ಆಮೇಲೆ ಒಂದು ಷರತ್ತು: ದೇಶದಲ್ಲಿ ಒಟ್ಟು 10 ಸಾವಿರ ಅಥವಾ ಹೆಚ್ಚು ಜನ ಆಡುವುದಾಗಿರಬೇಕು. ಅದನ್ನು ದಾಟಿದವು 270. ಅವುಗಳನ್ನು ಮತ್ತೆ ಗುಂಪು ಮಾಡಿ 121 ಭಾಷೆಗಳೆಂದರು. ನೀಲಗಿರಿಯ ಬಡಗರ ನುಡಿ ಈ ಪಟ್ಟಿಯಲ್ಲಿ ಕನ್ನಡದ ಗುಂಪಿನೊಳಗೆ ಬರುತ್ತದೆ. ಸುಮಾರು 5 ಕೋಟಿ ಜನ ಆಡುವ ಭೋಜಪುರಿ ಹಿಂದಿಯೊಳಗೆ. ನಮ್ಮ ಮನೆಗಳಲ್ಲಿ ಆಡುವುದು ದಖ್ಖನಿ, ಆದರೆ ಎಣಿಸುವವರು ಬಾಗಿಲಿಗೆ ಬಂದಾಗ 'ಉರ್ದು' ಎಂದು ಬರೆಸುವವರೇ ಹೆಚ್ಚು. ಇಲ್ಲಿ ಗುಂಪು ಮಾಡಿದವರು ಕಚೇರಿಯವರಲ್ಲ, ನಾವೇ. ಹೀಗೆ ಬರೆಸುವುದು ಸರಿಯೋ ತಪ್ಪೋ ಎಂದು ಸಂಘದ ಸದಸ್ಯರು ಚರ್ಚಿಸಬಹುದು. ನನಗಂತೂ ದಖ್ಖನಿ ಎಂಬ ಹೆಸರು ಪಟ್ಟಿಯಲ್ಲಿ ಉಳಿಯಬೇಕೆಂದು ಅನ್ನಿಸುತ್ತದೆ.

ಇನ್ನು ಕಂಪ್ಯೂಟರ್ ಭಾಷೆಗಳ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1953ರಲ್ಲಿ ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಅವರು, ಕೀಯಿಂದ ಒಂದು ಸಣ್ಣ ಲೆಕ್ಕ ಮಾಡಿ ಅದರ ಉತ್ತರವನ್ನೇ ಖಾನೆಯ ಸಂಖ್ಯೆಯಾಗಿ ಬಳಸುವ ಉಪಾಯವನ್ನು ಬರೆದಿಟ್ಟರು. ಇದರಿಂದ ಹುಡುಕಾಟ ಬಹಳ ವೇಗವಾಯಿತು. 1970ರಲ್ಲಿ ಎಡ್ಗರ್ ಕಾಡ್ ಅವರು ಮಾಹಿತಿಯನ್ನು ಪಟ್ಟಿಗಳ ರೂಪದಲ್ಲಿ ಇಡುವ ಸಿದ್ಧಾಂತ ಕೊಟ್ಟರು. ಅದರ ಮೇಲೆ 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಅವರು ಎಸ್‌ಕ್ಯೂಎಲ್‌ನ ಮೊದಲ ರೂಪ ಪ್ರಕಟಿಸಿದರು. 1977ರ 'ಆಕ್' ಭಾಷೆಯಲ್ಲಿ ಸಂಖ್ಯೆಯ ಬದಲು ಹೆಸರನ್ನೇ ಖಾನೆಗೆ ಕೊಡುವ ಸೌಲಭ್ಯವಿತ್ತು. 2004ರಲ್ಲಿ ಪೈಥಾನ್‌ಗೆ 'ಗ್ರೂಪ್‌ಬೈ' ಎಂಬ ಉಪಕರಣ ಬಂತು. ಆದರೆ ಅದು ಪಕ್ಕಪಕ್ಕದಲ್ಲಿ ಇದ್ದವನ್ನು ಮಾತ್ರ ಗುಂಪು ಮಾಡುತ್ತದೆ. ನಮ್ಮ ಐದು ಕಲ್ಲುಗಳನ್ನು ಹಾಗೆಯೇ ಕೊಟ್ಟರೆ ಒಂದನೆಯ ತಮಿಳು ಕಲ್ಲು, ಐದನೆಯ ತಮಿಳು ಕಲ್ಲು ಎರಡು ಬೇರೆ ಗುಂಪಾಗುತ್ತವೆ. ಮೊದಲು ಭಾಷೆಯ ಪ್ರಕಾರ ಸಾಲಾಗಿ ನಿಲ್ಲಿಸಿ ಆಮೇಲೆ ಕೊಡಬೇಕು. ಹೊಸಬರು ಇಲ್ಲಿ ಎಡವುವುದು ಸಾಮಾನ್ಯ. 2014ರಲ್ಲಿ ಜಾವಾಕ್ಕೆ ಗುಂಪು ಮಾಡುವ ಮತ್ತು ಇಬ್ಭಾಗ ಮಾಡುವ ಎರಡು ಪ್ರತ್ಯೇಕ ಸಾಧನ ಬಂದವು.

ಜಾವಾಸ್ಕ್ರಿಪ್ಟ್ ಭಾಷೆಗೆ ಇದು ಬಂದದ್ದು 2024ರಲ್ಲಿ. ತಡವಾದದ್ದಕ್ಕೆ ಒಂದು ಕಾರಣ ತಮಾಷೆಯದು. ಇದಕ್ಕೆ ಇಡಬೇಕೆಂದಿದ್ದ ಹೆಸರನ್ನು ಹಳೆಯ ಒಂದು ಸಾಧನ ಮೊದಲೇ ಬಳಸಿಕೊಂಡಿತ್ತು, ಹೊಸದನ್ನು ಸೇರಿಸಿದರೆ ಹಳೆಯ ಪುಟಗಳು ಕೆಡುತ್ತಿದ್ದವು. ಆದ್ದರಿಂದ ಜಾಗ ಬದಲಿಸಿ 'ಆಬ್ಜೆಕ್ಟ್ ಗ್ರೂಪ್‌ಬೈ', 'ಮ್ಯಾಪ್ ಗ್ರೂಪ್‌ಬೈ' ಎಂದು ಇಡಬೇಕಾಯಿತು. ಒಮ್ಮೆ ಕೊಟ್ಟ ಹೆಸರನ್ನು ಕಿತ್ತುಕೊಳ್ಳುವುದು ಕಷ್ಟ.

ರೈಸ್ ಅವರ ಸಂಖ್ಯೆಗಳಿಗೂ ಇದೇ ಆಯಿತು. 1905ರಲ್ಲಿ ಕೋಲಾರ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿ 2007ರಲ್ಲಿ ಹೊಸ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೋದವು. ಬೌರಿಂಗ್‌ಪೇಟೆ ಎಂದೋ ಬಂಗಾರಪೇಟೆಯಾಯಿತು. ಗುಂಪು ಒಡೆಯಿತು, ಹೆಸರು ಬದಲಾಯಿತು. ಆದರೂ ಬಂಗಾರಪೇಟೆಯ ಕಲ್ಲನ್ನು ಹುಡುಕುವ ಸಂಶೋಧಕ ಇಂದಿಗೂ 'ಬಿಪಿ' ಎಂದೇ ಬರೆದುಕೊಳ್ಳುತ್ತಾನೆ.

ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದಾದ ಒಂದು ಲೆಕ್ಕವಿದೆ. ನಿಮ್ಮ ತಾಲ್ಲೂಕಿನ ಊರುಗಳ ಪಟ್ಟಿ ತೆಗೆದುಕೊಂಡು, ಹೆಸರಿನ ಕೊನೆಯ ಭಾಗದ ಪ್ರಕಾರ ಗುಂಪು ಮಾಡಿ: ಹಳ್ಳಿ, ಪುರ, ಕೆರೆ, ಸಮುದ್ರ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ ನಮ್ಮ ಸೀಮೆಯಲ್ಲಿ ದೊಡ್ಡ ಕೆರೆಯನ್ನು 'ಸಮುದ್ರ' ಎಂದು ಕರೆಯುತ್ತಿದ್ದರು. ದೇವರಾಯಸಮುದ್ರ ಆ ಗುಂಪಿನದು. ಯಂತ್ರಕ್ಕೆ 'ಕೊನೆಯಲ್ಲಿ ಸಮುದ್ರ ಎಂದಿರುವ ಊರುಗಳನ್ನು ಒಂದು ಕಡೆ ಹಾಕು' ಎಂದರೆ ಅದು ನಿಷ್ಠೆಯಿಂದ ಹಾಗೆಯೇ ಮಾಡುತ್ತದೆ. ಆದರೆ ಬೊಮ್ಮಸಂದ್ರ, ಸಿಂಗಸಂದ್ರದಂಥ ಊರುಗಳು 'ಅಲ್ಲ' ಎಂಬ ಖಾನೆಗೆ ಹೋಗುತ್ತವೆ. ಆ 'ಸಂದ್ರ' ಎಂಬುದು ಜನರ ಬಾಯಲ್ಲಿ ಸವೆದ 'ಸಮುದ್ರ'ವೇ. ಷರತ್ತಿಗೆ 'ಅಥವಾ ಸಂದ್ರ' ಎಂಬ ಎರಡು ಮಾತು ಸೇರಿಸಿ ಮತ್ತೊಮ್ಮೆ ನಡೆಸಿ. ನಿಮ್ಮ ಪಟ್ಟಿಯಲ್ಲಿ ಎಷ್ಟು ಊರುಗಳು ಜಾಗ ಬದಲಿಸುತ್ತವೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ.